ಪುಸ್ತಕದ ಬದನೆಕಾಯಿ

ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಶನಿವಾರ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ನನ್ನ ಮೊಮ್ಮಗಳು ಪೀಣ್ಯದ ನಮ್ಮ ಮನೆಗೆ ಬಂದಳು. ಕಾಫಿ ಕುಡಿದು ಮುಗಿಸುವ ಮೊದಲೇ ಮೊಬೈಲಿನಲ್ಲಿದ್ದ ಜಾಹೀರಾತೊಂದನ್ನು ನನ್ನ ಮುಂದೆ ಹಿಡಿದಳು. ಎರಡೇ ದಿನಗಳಲ್ಲಿ ಕಾಡಿನಲ್ಲಿ ಬದುಕುಳಿಯುವ ವಿದ್ಯೆಯನ್ನು ಕಲಿಸಿ ಪ್ರಮಾಣಪತ್ರವನ್ನೂ ಕೊಡುತ್ತೇವೆಂದು ಅದರಲ್ಲಿತ್ತು. “ತಾತ, ನೀವು ಸ್ಕೌಟ್ ಮೇಷ್ಟರಾಗಿದ್ದವರು. ಇದಕ್ಕೆ ಸೇರಬಹುದಾ ಹೇಳಿ” ಎಂದಳು.

ಅವಳ ಪ್ರಶ್ನೆ ಬರಿಯ ಹವ್ಯಾಸದ್ದಾಗಿರಲಿಲ್ಲ. ಅವಳೂ ಅವಳ ಗೆಳತಿಯರೂ ವಾರಾಂತ್ಯ ಬಂತೆಂದರೆ ಬೆಟ್ಟ ಹತ್ತುವವರು. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಳಿ ಕಾಲುಜಾರಿ ಕಡಿದಾದ ಬಂಡೆಯಲ್ಲಿ ಸಿಲುಕಿದ ಯುವಕನೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡವು ಹಿಮಬಿರುಗಾಳಿಗೆ ಸಿಕ್ಕಿ 9 ಮಂದಿ ಅಸುನೀಗಿದರು. ಅಂದಿನಿಂದ ಈ ಹುಡುಗಿಯ ಮನಸ್ಸಿನಲ್ಲಿ ಒಂದು ಅಳುಕು ಕುಳಿತಿದೆ: ಅಂಥ ಗಳಿಗೆಯಲ್ಲಿ ನನ್ನ ಕೈಗೆ ಏನು ಗೊತ್ತು?

ಆ ಮಾತು ಕೇಳಿದಾಗ ನನಗೆ 1983ರ ಶಿವಗಂಗೆ ನೆನಪಾಯಿತು.

ಆಗ ನಾನು ಇಲ್ಲಿಯೇ ಸಮೀಪದ ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಕಾರ್ಖಾನೆಗಳ ಕೆಲಸಗಾರರ ಮಕ್ಕಳೇ ನಮ್ಮ ವಿದ್ಯಾರ್ಥಿಗಳು. ಸ್ಕೌಟ್ ದಳದ ಹೊಣೆ ನನ್ನ ಹೆಗಲ ಮೇಲಿತ್ತು. ದಾರಿ ತಪ್ಪಿದವನು ಅಲೆಯದೆ ನಿಂತಲ್ಲಿಯೇ ನಿಲ್ಲಬೇಕು, ಸೀಟಿಯನ್ನು ಮೂರು ಬಾರಿ ಊದಬೇಕು, ಎದ್ದು ಕಾಣುವ ಬಟ್ಟೆಯನ್ನು ಎತ್ತರದಲ್ಲಿ ಕಟ್ಟಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆಸಿದ್ದೆ, ಪರೀಕ್ಷೆಯನ್ನೂ ನಡೆಸಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗ ಹತ್ತಕ್ಕೆ ಹತ್ತು ಅಂಕ ಪಡೆದಿದ್ದ. ಶಿವಗಂಗೆಯಿಂದ ಇಳಿಯುವಾಗ ಕಾಣೆಯಾದವನು ಅವನೇ. ಹೊತ್ತು ಮುಳುಗುವ ವೇಳೆಗೆ, ಬೆಟ್ಟದ ಮತ್ತೊಂದು ಮಗ್ಗುಲಿನ ಕುರುಚಲಿನಿಂದ, ಕುರಿ ಕಾಯುವವರೊಬ್ಬರು ಅವನ ಕೈಹಿಡಿದು ಕರೆತಂದರು. ಮೈಯೆಲ್ಲ ತರಚುಗಾಯ, ಸೀಟಿ ಮಾತ್ರ ಕೊರಳಲ್ಲಿ ಹಾಗೆಯೇ ತೂಗುತ್ತಿತ್ತು. ಏಕೆ ಊದಲಿಲ್ಲವೆಂದು ಗದರಿದೆ. “ಸಾರ್, ಅದು ಪರೀಕ್ಷೆಗೆ ಅಲ್ವಾ?” ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಹುಡುಗನದಲ್ಲ. ನಾನು ಅವನಿಗೆ ಉಣಬಡಿಸಿದ್ದು ಪುಸ್ತಕದ ಬದನೆಕಾಯಿಯನ್ನು.

ಆದುದರಿಂದ ಮೊಮ್ಮಗಳಿಗೆ ಸೇರು ಎಂದಾಗಲಿ ಬೇಡ ಎಂದಾಗಲಿ ಹೇಳದೆ, “ನಡಿ ಮಗು, ಕಲಿಸುವವರನ್ನು ಮೊದಲು ನೋಡೋಣ” ಎಂದೆ. ಜಾಹೀರಾತಿನವರನ್ನೇ ಮೊದಲು ಕಂಡೆವು. ಹಾವು ಕಚ್ಚಿದರೆ ಏನು ಮಾಡಲು ಕಲಿಸುತ್ತೀರಿ ಎಂದು ಕೇಳಿದೆ. ಗಾಯವನ್ನು ಬ್ಲೇಡಿನಿಂದ ಕೊಯ್ದು ರಕ್ತ ಹರಿಸಿ, ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕೆಂದು ಆ ತರುಣ ಧೈರ್ಯವಾಗಿ ಉತ್ತರಿಸಿದ. ಈ ಮೂರೂ ಕೂಡದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಮೂಳೆ ಮುರಿದಾಗ ಮಾಡುವಂತೆ ಆ ಅಂಗವನ್ನು ಅಲುಗಾಡದಂತಿರಿಸಿ, ತಡಮಾಡದೆ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಮಾರ್ಗ. ಎರಡನೆಯವರು ಕಾಡಿನ ನಡುವೆ ಬೆಂಕಿ ಹಾಕಿ ರಾತ್ರಿಯೆಲ್ಲ ಹಾಡಿಸುತ್ತೇವೆಂದರು. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಅನುಮತಿಪತ್ರ ತೋರಿಸಿ ಎಂದರೆ ಮಾತು ಬದಲಿಸಿದರು. ಕಾಡಿನ ಕಾನೂನನ್ನೇ ಅರಿಯದವರು ಕಾಡನ್ನು ಹೇಗೆ ಕಲಿಸಿಯಾರು?

ದಿನಗಳ ಲೆಕ್ಕವನ್ನೂ ಗಮನಿಸಬೇಕು. ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಲ್ಲಿ ಆರಂಭವಾದವು. ಅಲ್ಲಿಯ ಪ್ರಾಥಮಿಕ ತರಬೇತಿಯೇ ಸುಮಾರು 4 ವಾರಗಳದು. ನಮ್ಮಲ್ಲಿಯೂ ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ, ಕೊಡಗಿನ ವೀರಯೋಧರ ಹೆಸರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಎರಡು ದಿನಗಳಲ್ಲಿ ಆರಂಭ ಮಾಡಬಹುದು, ಪಾರಂಗತರಾಗಲು ಆಗದು.

ಮೂರನೆಯವರು ಸಿಕ್ಕಿದ್ದು ನಮ್ಮ ಪೀಣ್ಯದಲ್ಲಿಯೇ, ವರ್ಕ್‌ಶಾಪುಗಳ ಸಾಲಿನ ನಡುವಣ ಒಂದು ತಗಡಿನ ಶೆಡ್ಡಿನಲ್ಲಿ. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಪ್ರತಿಯೊಂದು ಹಗ್ಗಕ್ಕೂ ಒಂದೊಂದು ಪುಟವಿದ್ದ ಪುಸ್ತಕವನ್ನು ತೋರಿಸಿದರು: ಕೊಂಡ ದಿನ, ಬಳಸಿದ ಲೆಕ್ಕ, ತೆಗೆದುಹಾಕಿದ ದಿನ. ನಮ್ಮ ಕಾರ್ಖಾನೆಗಳಲ್ಲಿ ಅಳತೆಯ ಗೇಜುಗಳಿಗೆ ಇಡುವಂಥದೇ ಲೆಕ್ಕ. ಒಬ್ಬ ಶಿಕ್ಷಕನಿಗೆ ಆರು ಮಂದಿಗಿಂತ ಹೆಚ್ಚು ಕಲಿಯುವವರನ್ನು ಸೇರಿಸುವುದಿಲ್ಲ ಎಂದರು. ಶಿಬಿರದ ಜಾಗದಿಂದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ನಿಮಿಷಗಳಲ್ಲಿ ಹೇಳಿದರು. ಕೆಲವು ಪ್ರಶ್ನೆಗಳಿಗೆ “ಅದು ನನಗೆ ಗೊತ್ತಿಲ್ಲ ಸಾರ್” ಎಂದರು. ನನ್ನ ನಂಬಿಕೆ ಗಟ್ಟಿಯಾದದ್ದು ಆ ಮಾತಿನಿಂದಲೇ. ಮೊಮ್ಮಗಳಿಗೆ ಮಾತ್ರ, “ಮೊದಲು ಪ್ರಥಮ ಚಿಕಿತ್ಸೆಯ ತರಗತಿ ಮುಗಿಸಿ ಬಾ ತಾಯಿ, ಆಮೇಲೆ ಸೇರಿಸಿಕೊಳ್ಳುತ್ತೇನೆ” ಎಂದು ಹೇಳಿ ಕಳಿಸಿದರು. ಅವಳಿಗೆ ನಿರಾಶೆಯಾಯಿತು, ನನಗೆ ನೆಮ್ಮದಿಯಾಯಿತು.

ಆ ತರಗತಿ ಮುಗಿಸಿ ಜುಲೈನಲ್ಲಿ ಶಿಬಿರಕ್ಕೆ ಹೋದಳು. ಮರಳಿ ಬಂದಾಗ ಅಂಗೈಯಲ್ಲಿ ಬೊಬ್ಬೆಗಳಿದ್ದವು. ಸುರಿವ ಮಳೆಯಲ್ಲಿ, ಕತ್ತಲಲ್ಲಿ, ತಾನೊಬ್ಬಳೇ ಟಾರ್ಪಾಲು ಕಟ್ಟಬೇಕಾಗಿತ್ತಂತೆ. ಗಂಟು ಮೂರು ಸಲ ಬಿಚ್ಚಿಹೋಗಿ, ನೆನೆದು ನಡುಗಿ, ನಾಲ್ಕನೆಯ ಸಲ ನಿಂತಿತಂತೆ. ಆ ಶಿಕ್ಷಕರು ಛತ್ರಿ ಹಿಡಿದು ಪಕ್ಕದಲ್ಲಿಯೇ ಇದ್ದರೂ ಗಂಟಿಗೆ ಕೈಹಚ್ಚಲಿಲ್ಲವಂತೆ. “ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಎಷ್ಟು ಬೇಗ ಬೆರಳು ಮರಗಟ್ಟುತ್ತೆ ಅಂತ ಈಗ ಗೊತ್ತಾಯ್ತು ತಾತ” ಎಂದಳು. ಪ್ರಮಾಣಪತ್ರವೆಲ್ಲಿ ಎಂದು ಕೇಳಿದೆ. ಕೊಟ್ಟಿರಲಿಲ್ಲ.

ಶಿವಗಂಗೆಯ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನಿಗೆ ಹತ್ತಕ್ಕೆ ಹತ್ತು ಕೊಟ್ಟ ನಾನು, ಒಂದು ದಿನವಾದರೂ ಶಾಲೆಯ ಹಿಂದಿನ ಬಯಲಿನಲ್ಲಿ ಅವನನ್ನು ಒಂಟಿಯಾಗಿ ನಿಲ್ಲಿಸಿ, ಸೀಟಿ ಊದಿಸಿ ಕಲಿಸಬಹುದಾಗಿತ್ತು. ಈ ಬರಹವನ್ನು ಅವನು ಓದಿದರೆ, ತನ್ನ ಮೇಷ್ಟರು ಪಾಠವನ್ನು ತಡವಾಗಿಯಾದರೂ ಕಲಿತರೆಂದು ತಿಳಿಯಲಿ.