ಸುಬ್ಬಿ ಕಂಡ ಮೈಸೂರು ರಸ್ತೆ

ಕೆಂಗೇರಿ ಹತ್ತಿರವಾಗುತ್ತಿದ್ದಂತೆ ಕಾರಿನ ಗಾಜು ಏರಿಸುವುದು ನಮ್ಮ ಮನೆಯ ರೂಢಿ. ವೃಷಭಾವತಿ ಹೊಳೆಯ ನಾತ ಒಳಗೆ ನುಗ್ಗಿದರೆ ರಾಮನಗರದವರೆಗೂ ಬಿಡುವುದಿಲ್ಲ. ಈ ಸಲ ಅದಕ್ಕೆ ಸುಬ್ಬಿಯ ಒಪ್ಪಿಗೆ ಇಲ್ಲ. ಹಿಂದಿನ ಸೀಟಿನ ಗಾಜಿನ ಸಂದಿಗೆ ಮೂತಿ ತೂರಿಸಿ, ಕಣ್ಣು ಅರೆ ಮುಚ್ಚಿ, ಆ ಗಾಳಿಯನ್ನು ಎಳೆದೆಳೆದು ಕುಡಿಯುತ್ತಿದ್ದಾಳೆ. ನಾನು ಹಿಂತಿರುಗಿ ಅವಳ ಮೂಗನ್ನೇ ನೋಡುತ್ತಿದ್ದೇನೆ. ಒದ್ದೆಯಾದ ಕಪ್ಪು ಹೊಳ್ಳೆಗಳು ಒಂದೊಂದೂ ತನ್ನ ಪಾಡಿಗೆ ತಾನು ಅದುರುತ್ತಿವೆ. ಉಸಿರು ಬಿಡುವಾಗ ಗಾಳಿ ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದಂತೆ, ಒಳಗೆ ಬರುವ ಹೊಸ ವಾಸನೆಗೆ ಅಡ್ಡಿಯಾಗದ ಹಾಗೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50–60 ಲಕ್ಷ. ನಾಯಿಯ ಮೂಗಿನಲ್ಲಿ, ತಳಿ ನೋಡಿಕೊಂಡು, 30 ಕೋಟಿಯವರೆಗೂ ಇರಬಹುದು ಎನ್ನುತ್ತಾರೆ. ನಮಗೆ ಬರೀ ಗಬ್ಬು ಅನ್ನಿಸಿದ್ದರಲ್ಲಿ ಅವಳಿಗೆ ಸಾಬೂನು, ಕೊಳೆತ ಸೊಪ್ಪು, ಎಮ್ಮೆ, ದಂಡೆಯ ಮೇಲೆ ಓಡಾಡಿದ ಇನ್ನಾವುದೋ ನಾಯಿ, ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತಿರಬೇಕು. ಗಾಜು ಏರಿಸಲು ಮನಸ್ಸು ಬರಲಿಲ್ಲ. ಅವಳ ಪಕ್ಕದಲ್ಲಿ ಕೂತಿದ್ದ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಕುಡೀಲಿ ಬುಡವ್ವ, ಅದ್ಕೆ ಇದೇ ಜಾತ್ರೆ" ಎಂದರು.

ನಾವು ಹೊರಟಿರುವುದು ಅತ್ತೆಯ ತವರಿಗೆ, ಮದ್ದೂರು ತಾಲ್ಲೂಕಿನ ಒಂದು ಹಳ್ಳಿಗೆ. ಸುಬ್ಬಿಗೆ ಇದು ಮೊದಲ ಪರವೂರು. ಯಾವುದೋ ಗಾಡಿ ಹಾಯ್ದು ಹಿಂಗಾಲು ಮುರಿದುಕೊಂಡಿದ್ದ ಮರಿಯನ್ನು ಯಾರೋ ಪುಣ್ಯಾತ್ಮರು ಬೆಂಗಳೂರಿನ ಹೊರವಲಯದ ಶೆಲ್ಟರಿಗೆ ಸೇರಿಸಿದ್ದರು. ಅಲ್ಲಿಂದ ಅವಳನ್ನು ನಾವು ಮನೆಗೆ ತಂದೆವು. ಗೋಧಿ ಬಣ್ಣ, ಬಾಲದ ತುದಿಯಲ್ಲಿ ಒಂದು ಚಿಟಿಕೆ ಬಿಳಿ, ಕಿವಿಯ ತುದಿ ನೇರವಾಗಿ ಕತ್ತರಿಸಿದೆ. ಸಂತಾನಹರಣ ಆಗಿದೆ, ರೇಬಿಸ್ ಲಸಿಕೆ ಬಿದ್ದಿದೆ ಎಂಬುದಕ್ಕೆ ಆ ಕತ್ತರಿಯೇ ಗುರುತು. ಶೆಲ್ಟರಿನ ಸಿಮೆಂಟು ನೆಲ, ನಮ್ಮ ಎರಡನೇ ಮಹಡಿಯ ಮನೆ, ಬೆಳಿಗ್ಗೆ ಸಂಜೆ ಪಾರ್ಕಿನ ಸುತ್ತು, ಇಷ್ಟೇ ಅವಳು ಕಂಡ ಲೋಕ. ಆದರೆ ಆ ಪುಟ್ಟ ಲೋಕದಲ್ಲೇ ದಿನಕ್ಕೊಂದು ಸಾಹಸ. ಒಂದು ದಿನ ಕೊರಿಯರ್ ಹುಡುಗನ ಒಂಟಿ ಚಪ್ಪಲಿ ಬಾಲ್ಕನಿಯ ತುಳಸಿ ಕುಂಡದ ಹಿಂದೆ ಅಡಗಿರುತ್ತದೆ; ಇನ್ನೊಂದು ದಿನ ತೆಂಗಿನ ಪೊರಕೆ ಕಡ್ಡಿ ಕಡ್ಡಿಯಾಗಿ ಸೋಫಾದ ಮೇಲೆ ಹರಡಿರುತ್ತದೆ. ಅವಳು ನೋಡಿರುವ ದೊಡ್ಡ ಪ್ರಾಣಿ ಎಂದರೆ ಎದುರು ಮನೆಯ ಪರ್ಷಿಯನ್ ಬೆಕ್ಕು.

ಎಕ್ಸ್‌ಪ್ರೆಸ್‌ವೇ ಹತ್ತಿದರೆ ಮೈಸೂರಿಗೆ 119 ಕಿಲೋಮೀಟರ್, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಸುಬ್ಬಿಗಾಗಿ ನಾವು ಪಕ್ಕದ ಸರ್ವಿಸ್ ರಸ್ತೆ, ಸಿಕ್ಕ ಕಡೆ ಹಳೆಯ ರಸ್ತೆ ಹಿಡಿದೆವು, ಬೇಕೆಂದಲ್ಲಿ ನಿಲ್ಲಿಸಬಹುದಲ್ಲ. ಬಿಡದಿಯಲ್ಲಿ ಮೊದಲ ನಿಲುಗಡೆ. ಪ್ರಯಾಣದ ದಿನ ಹೊಟ್ಟೆ ತುಂಬ ಹಾಕಬೇಡಿ, ವಾಂತಿ ಮಾಡಿಕೊಳ್ಳುತ್ತದೆ ಎಂದು ಪಶುವೈದ್ಯರು ಹೇಳಿದ್ದರು. ಹಾಗಾಗಿ ತಟ್ಟೆ ಇಡ್ಲಿಯ ಒಂದು ತುಂಡು, ಬೆಣ್ಣೆ ಚಟ್ನಿ ಸೋಕದ ಬಿಳೀ ತುಂಡು ಮಾತ್ರ ಅವಳ ಪಾಲು. ತಿನ್ನಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಕಾರಿನೊಳಗೆ ಮೂರು ಸುತ್ತು ಹುಡುಕಾಡಿ, ಕೊನೆಗೆ ಅತ್ತೆಯ ಕೈಚೀಲದೊಳಗೆ, ಎಲೆಯಡಿಕೆ ಸಂಚಿಯ ಕೆಳಗೆ ಹೂತಿಟ್ಟು, ಮೇಲೆ ಮೂತಿಯಿಂದ ಮಣ್ಣು ಮುಚ್ಚಿದ ಹಾಗೆ ಮಾಡಿದಳು. ಶೆಲ್ಟರಿನಲ್ಲಿ ನಲವತ್ತು ಬಾಯಿಗಳ ನಡುವೆ ಬೆಳೆದ ಹುಡುಗಿ, ನಾಳೆಗೆ ಅಂತ ಇಟ್ಟುಕೊಳ್ಳುವುದು ಮರೆಯುವುದಿಲ್ಲ. ಆ ಇಡ್ಲಿ ಅತ್ತೆಗೆ ಸಿಕ್ಕಿದ್ದು ಚನ್ನಪಟ್ಟಣ ದಾಟಿದ ಮೇಲೆ, ಅಡಿಕೆಗೆ ಕೈ ಹಾಕಿದಾಗ.

ರಾಮನಗರದಲ್ಲಿ ನಮಗೆ ಕಾಣುವುದು ಬಂಡೆಗಳು: ಶೋಲೆ ಚಿತ್ರೀಕರಣದ ಬೆಟ್ಟ, ರಣಹದ್ದುಗಳು ಗೂಡು ಕಟ್ಟುವ ಕಲ್ಲಿನ ಗೋಡೆ. ಸುಬ್ಬಿ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಊರಿನ ಒಂದು ಓಣಿಯ ಬಾಯಲ್ಲಿ ನೀರು ಕುಡಿಸಲು ಇಳಿಸಿದ್ದೇ ತಡ, ಹಗ್ಗವನ್ನೂ ನನ್ನನ್ನೂ ಎಳೆದುಕೊಂಡು ಹೊರಟಳು. ಇದು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯ ಊರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಹುಳು ಉಳಿಯುತ್ತದೆ. ಆ ಬೆಂದ ಹುಳುವಿನ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೇನೆ. ಸುಬ್ಬಿ ನೂಲು ತೆಗೆಯುವ ಮನೆಯೊಂದರ ಬಚ್ಚಲು ಮೋರಿಯ ಮುಂದೆ, ಗುಡಿಯ ಬಾಗಿಲಲ್ಲಿ ಮಂಗಳಾರತಿಗೆ ಕಾದವರ ಭಕ್ತಿಯಿಂದ ಕೂತಿದ್ದಾಳೆ. ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ ಹೆಂಗಸು ನಕ್ಕು, "ಬುಟ್ರೆ ಇಲ್ಲೇ ಸಂಸಾರ ಹೂಡ್ತದೆ ಕಣಮ್ಮ" ಎಂದರು. ಎತ್ತಿಕೊಂಡೇ ಕಾರಿಗೆ ತರಬೇಕಾಯಿತು. ಮುಂದಿನ ಹತ್ತು ಕಿಲೋಮೀಟರ್ ಕಾರಿನೊಳಗೂ ಅದೇ ಪರಿಮಳ, ಅವಳ ಎದೆಗೂದಲಿಗೆ ಏನೋ ಮೆತ್ತಿಕೊಂಡಿತ್ತು.

ಚನ್ನಪಟ್ಟಣದ ಗೊಂಬೆ ಅಂಗಡಿಯ ಹಿಂದೆಯೇ ಕೆಲಸದ ಕೊಟ್ಟಿಗೆ. ಲೇತಿನಲ್ಲಿ ಆಲೆ ಮರದ ತುಂಡು ಗಿರಗಿರನೆ ತಿರುಗುತ್ತಿದೆ. ವಯಸ್ಸಾದ ಕಸುಬಿನವರು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಬಣ್ಣ ಮರಕ್ಕೆ ಹಬ್ಬುತ್ತದೆ. ಮೇಲೆ ಕೇದಗೆ ಗರಿ ಹಿಡಿದರೆ ಕನ್ನಡಿಯ ಹೊಳಪು. ಮನೆಯಲ್ಲಿ ಮಿಕ್ಸಿಯ ಸದ್ದಿಗೆ ಮಂಚದಡಿ ಸೇರುವ ಸುಬ್ಬಿ ಇಲ್ಲಿ ಲೇತಿನ ಮುಂದೆ ಕತ್ತು ಓರೆ ಮಾಡಿ ನಿಂತುಬಿಟ್ಟಳು. ನೆಲದ ಮೇಲಿನ ಬುಟ್ಟಿಯಲ್ಲಿ ಕೆಂಪು, ಹಸಿರು, ಹಳದಿ ಗಿಲಕಿಗಳ ರಾಶಿ. ನಾಯಿಯ ಕಣ್ಣಿಗೆ ಚೆನ್ನಾಗಿ ಗೊತ್ತಾಗುವುದು ಹಳದಿ ಮತ್ತು ನೀಲಿ. ಕೆಂಪು ಅದಕ್ಕೆ ಮಂಕು. ನಾನು ಅದನ್ನು ನೆನೆಯುವಷ್ಟರಲ್ಲಿ ಅವಳು ಬುಟ್ಟಿಗೆ ಮೂತಿ ಇಟ್ಟು, ಕೆಂಪು ಗಿಲಕಿಗಳನ್ನೆಲ್ಲ ಆಚೆ ತಳ್ಳಿ, ಹಳದಿಯದೊಂದನ್ನು ಕಚ್ಚಿ ಹೊರಗೆ ಓಡಿದಳು. ಓಡಿದಂತೆಲ್ಲ ಅದು ಗಿಲಿಗಿಲಿ ಎನ್ನುತ್ತದೆ, ಸದ್ದಿಗೆ ಬೆಚ್ಚಿ ಇನ್ನೂ ಜೋರಾಗಿ ಓಡುತ್ತಾಳೆ. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಅವಳ ಹಿಂದೆ, ಮಕ್ಕಳ ಹಿಂದೆ ನಮ್ಮನೆಯವರು. ಹಲ್ಲಿನ ಗುರುತು ಬಿದ್ದ ಗಿಲಕಿಯ ದುಡ್ಡು ಕೊಡಲು ಹೋದರೆ ಆ ಹಿರಿಯರು ಅರ್ಧವೇ ತೆಗೆದುಕೊಂಡರು. "ಅರಗಿನ ಬಣ್ಣ, ಹಳದಿಗೆ ಹಾಕಿರೋದು ಅರಿಶಿನ. ನೆಕ್ಕಿದ್ರೂ ಭಯ ಇಲ್ಲ" ಎಂದು ಧೈರ್ಯ ಹೇಳಿದರು.

ಅದೇ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಗೆ ಹೋಗಲೇಬೇಕೆಂದು ಹಟ ಹಿಡಿದವಳು ನಾನು. ಅಲ್ಲಿ ನಾಯಿಗಳಿಗೆ ಒಂದು ಗುಡಿ ಇದೆ. ಊರಿನಲ್ಲಿ ವೀರಮಾಸ್ತಿ ಕೆಂಪಮ್ಮನ ದೇವಸ್ಥಾನ ಕಟ್ಟುವ ಕಾಲಕ್ಕೆ ಎರಡು ನಾಯಿಗಳು ಕಾಣೆಯಾದವಂತೆ. ದೇವಿ ಕನಸಿನಲ್ಲಿ ಬಂದು ಅವನ್ನು ಹುಡುಕಿ ತನ್ನ ಕಾವಲಿಗೆ ಇಡಿ ಎಂದಳಂತೆ. ಸಿಗಲಿಲ್ಲ, ಅವುಗಳ ಮೂರ್ತಿ ಮಾಡಿಸಿ ಗುಡಿ ಕಟ್ಟಿದರು. ಕಟ್ಟಿದ್ದು 2010ರ ಸುಮಾರಿಗೆ, ಹಾಗಾಗಿ ಇದು ಪುರಾತನ ಕಾಲದ ಕಥೆ ಅಲ್ಲವೇ ಅಲ್ಲ. ಒಳಗೆ ಎರಡು ನಾಯಿ ಮೂರ್ತಿಗಳು, ಪೂಜೆ ನಡೆಯುತ್ತದೆ. ನಾನು ಬೆರಗಿನಿಂದ ಕೈ ಮುಗಿದು ನಿಂತಿದ್ದೇನೆ. ನಮ್ಮ ಬೀದಿಯಲ್ಲಿ ಗೇಟಿನ ಮುಂದೆ ನಾಯಿ ಮಲಗಿದರೆ ಬಕೆಟ್ ನೀರು ಎರಚುತ್ತಾರೆ. ಇಲ್ಲಿ ಅದೇ ನಾಯಿಗೆ ಹೂವು, ಕುಂಕುಮ. ಸುಬ್ಬಿ ಹೊಸ್ತಿಲಾಚೆ ಕೂತು ಮೂರ್ತಿಗಳನ್ನು ದಿಟ್ಟಿಸಿದಳು. ವಾಸನೆಯಿಲ್ಲದ ನಾಯಿಗಳು ಅವಳಿಗೆ ಒಗಟು. ಮೆಲ್ಲಗೆ ಒಂದು ಸಲ "ವುಫ್" ಎಂದಳು. ಕಾದಳು. ಉತ್ತರ ಬರಲಿಲ್ಲ. ಕಂಬದ ಬಳಿ ಮಲಗಿದ್ದ ಜೀವಂತ ನಾಯಿಯೊಂದು ಮಾತ್ರ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

ಮದ್ದೂರಿನಲ್ಲಿ ವಡೆ. ಸುಬ್ಬಿಗೆ ಇಲ್ಲ, ಮೈತುಂಬ ಈರುಳ್ಳಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಹಸಿಯಾದರೂ ಕರಿದದ್ದಾದರೂ ಅಷ್ಟೇ. ಈ ಮಾತು ಗೊತ್ತಿಲ್ಲದೆ ಪ್ರೀತಿಯಿಂದ ಸಾರನ್ನ ಕಲಸಿ ಹಾಕುವ ಮನೆಗಳು ಎಷ್ಟೋ. ಅವಳ ಜೊಲ್ಲು ಸೀಟಿನ ಮೇಲೆ ಹರಿಯುತ್ತಿರಲು ನಾವು ಮೂವರೂ ಕಾರಿನ ಹೊರಗೆ, ಅವಳಿಗೆ ಬೆನ್ನು ಮಾಡಿ ನಿಂತು ತಿಂದೆವು.

ಮದ್ದೂರಿನಿಂದ ಒಳದಾರಿ. ಕಬ್ಬು, ಭತ್ತ, ತೆಂಗು. ಇದೇ ತಾಲ್ಲೂಕಿನ ಆತಕೂರಿನ ಹೆಸರು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಸಿಕ್ಕಿದ ಕಲ್ಲನ್ನು ನಾನು ಹಿಂದೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದೇನೆ: ಮೇಲ್ಭಾಗದಲ್ಲಿ ಹಂದಿಯ ಮೇಲೆ ಬಿದ್ದ ನಾಯಿ, ಸುತ್ತ ಹಳಗನ್ನಡದ ಸಾಲುಗಳು. ಕಾಲ 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದ ಮಣಲೇರನನ್ನು ಒಡೆಯ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಆ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ನಾಯಿಯನ್ನು ಕೇಳಿದ! ಮುಂದೆ ಬೆಳತೂರ ಬೆಟ್ಟದ ಕಡೆ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿಯಾದ ಗೊರವ ಉಣ್ಣಬಾರದು, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂಬ ಕಟ್ಟಳೆ ಬೇರೆ. ತಕ್ಕೋಲದಂಥ ಯುದ್ಧದ ಸುದ್ದಿಯನ್ನು ಹೇಳುವ ಕಲ್ಲು ನಿಂತದ್ದು ಒಂದು ನಾಯಿಯ ನೆನಪಿಗೆ. ಸಾವಿರ ವರ್ಷ ದಾಟಿದರೂ ಅದರ ಹೆಸರು ನಮಗೆ ಗೊತ್ತು. ಆ ದಿನ ತಕ್ಕೋಲದಲ್ಲಿ ಬಿದ್ದ ಸಾವಿರಾರು ಆಳುಗಳ ಹೆಸರು ಗೊತ್ತಿಲ್ಲ.

ಇದನ್ನೆಲ್ಲ ನಾನು ಅತ್ತೆಗೆ ಹೇಳುತ್ತಿರುವಾಗ ಸುಬ್ಬಿ ಗದ್ದೆಯ ಬದುವಿನ ಮೇಲೆ ತನ್ನ ಮೊದಲ ಎಮ್ಮೆಯನ್ನು ಎದುರುಗೊಂಡಿದ್ದಾಳೆ. ಪರ್ಷಿಯನ್ ಬೆಕ್ಕಿಗೆ ಮಾಡುವ ಹಾಗೆ ಮುಂಗಾಲು ಚಾಚಿ, ಸೊಂಟ ಎತ್ತಿ, ಆಟಕ್ಕೆ ಕರೆದಳು. ಎಮ್ಮೆ ಫೂ ಎಂದು ಉಸಿರು ಬಿಟ್ಟಿತು. ಅಷ್ಟೇ, ಸುಬ್ಬಿ ಹಿಂದೆ ಹಿಂದೆ ಸರಿದು ಪಕ್ಕದ ಕಾಲುವೆಯೊಳಗೆ ದೊಪ್ಪನೆ ಬಿದ್ದಳು! ಮೊಣಕಾಲುದ್ದದ ನೀರು. ಮನೆಯಲ್ಲಿ ಸ್ನಾನದ ಬಕೆಟ್ ಕಂಡರೆ ನಡುಗುವವಳು ಒಂದು ಗಳಿಗೆ ಹಾಗೇ ನಿಂತಳು. ಹರಿಯುವ ನೀರು ಕಾಲನ್ನು ತಳ್ಳುತ್ತಿದೆ. ಬಾಗಿ ಅದನ್ನು ಕಚ್ಚಿದಳು, ಸಿಗಲಿಲ್ಲ. ಇನ್ನೊಮ್ಮೆ ಕಚ್ಚಿದಳು. ಆಮೇಲೆ ಶುರುವಾಯಿತು ನೋಡಿ, ಮೇಲಕ್ಕೂ ಕೆಳಕ್ಕೂ ನೀರು ಚಿಮ್ಮಿಸುತ್ತಾ ಓಟ, ಮುರಿದು ಕೂಡಿದ ಆ ಕಾಲು ಬೇರೆ ಕಾಲುಗಳಿಗಿಂತ ಒಂದು ತಾಳ ಹಿಂದೆ ಬೀಳುತ್ತಾ, ಆದರೂ ಬಿಡದೆ. ಬದುವಿನ ಮೇಲೆ ಹುಲ್ಲು ಹೊತ್ತು ಬರುತ್ತಿದ್ದ ಯಜಮಾನರು ನಿಂತರು.

"ಇದು ನಮ್ ನಾಟಿ ನಾಯಿ ಅಲ್ವಾ? ಇದ್ಕೆ ಬೆಲ್ಟು, ಕಾರು!"

"ಹೂಂ ಕಣಣ್ಣ, ನಾಟಿನೇ" ಎಂದರು ಅತ್ತೆ. "ಯಾರೋ ಕಾಲ್ ಮುರ್ದು ಬುಟ್ಟೋಗಿದ್ರು. ನಮ್ ಸೊಸೆ ತಂದು ಸಾಕವ್ಳೆ."

ಅವರು ಹೊರೆ ಇಳಿಸಿ, ಕಾಲುವೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಓಟವನ್ನು ಮುಗಿಯುವವರೆಗೂ ನೋಡಿದರು.

ಹಳ್ಳಿ ನಾಯಿಗಳದು ಬೇರೆಯೇ ಸರಹದ್ದು. ಒಂದು ಊರಿನ ಗುಂಪು ನಮ್ಮ ಕಾರನ್ನು ಬೊಗಳುತ್ತಾ ತೋಪಿನ ಕೊನೆಯ ಮರದವರೆಗೂ ಓಡಿಸಿಕೊಂಡು ಬಂದು ಗಕ್ಕನೆ ನಿಲ್ಲುತ್ತದೆ. ಸೇತುವೆಯಾಚೆ ಮುಂದಿನ ಊರಿನವರು ಆಗಲೇ ಎದ್ದು ನಿಂತಿರುತ್ತಾರೆ. ಬೆಂಗಳೂರಿನ ನಮ್ಮ ಬೀದಿಯಲ್ಲೂ ಇದೇ ಗಡಿ, ಟ್ರಾನ್ಸ್‌ಫಾರ್ಮರ್‌ನಿಂದ ಬೇಕರಿಯವರೆಗೆ. ಅತ್ತೆಯ ತವರಿನ ನಾಯಿಗಳು ಸುಬ್ಬಿಯನ್ನು ಸುತ್ತುಗಟ್ಟಿ ಮೂಸಿದವು. ಅವಳು ಬಾಲ ಮಡಚಿ, ನಮ್ಮನೆಯವರ ಕಾಲಿನ ನಡುವೆ ನಿಂತು ಮೂಸಿಸಿಕೊಂಡಳು. ನನ್ನ ಎದೆ ಡವಡವ. ರಾಮನಗರದ ರೇಷ್ಮೆಹುಳು, ಚನ್ನಪಟ್ಟಣದ ಅರಗು, ಕಾಲುವೆಯ ಕೆಸರು, ಇಡೀ ದಾರಿಯೇ ಅವಳ ಮೈಮೇಲೆ ಇತ್ತಲ್ಲ, ಅವು ಮೂಸಿ ಮುಗಿಸಲು ತುಂಬ ಹೊತ್ತೇ ಹಿಡಿಯಿತು. ಕೊನೆಗೆ ಕರಿ ಮೂತಿಯ ಮುದಿ ನಾಯಿ ಮೊದಲು ಬಾಲ ಅಲ್ಲಾಡಿಸಿತು.

ಬೆಳಿಗ್ಗೆ ಆಲೆಮನೆ. ಗಾಣದಿಂದ ಕಬ್ಬಿನ ಹಾಲು ಹರಿದು ಬಂದು ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ನೂಕುತ್ತಿದ್ದಾರೆ. ಮೇಲೆ ಬಂದ ನೊರೆಯಲ್ಲಿ ಕೊಳೆ ತೆಗೆಯುವ ಸಡಗರ. ಸುಬ್ಬಿಯನ್ನು ದೂರದ ತೆಂಗಿನ ಮರಕ್ಕೆ ಕಟ್ಟಿದ್ದೆವು. ಹಗ್ಗ ಕಡಿದುಕೊಂಡು ಊರ ನಾಯಿಗಳ ಜೊತೆ ಸಿಪ್ಪೆಯ ರಾಶಿ ಏರಿದಳು. ಜಾರುತ್ತಾಳೆ, ಹತ್ತುತ್ತಾಳೆ, ಹಳದಿ ಗಿಲಕಿಯನ್ನು ಅದರೊಳಗೆ ಹೂಳುತ್ತಾಳೆ, ಮುದಿ ನಾಯಿ ಅದನ್ನು ಅಗೆದು ತೆಗೆಯುತ್ತದೆ. ಒಲೆ ಉರಿ ಹಾಕುವ ಹುಡುಗ ಗಿಲಿಗಿಲಿ ಸದ್ದು ಕೇಳಿ ಗಾಬರಿಯಿಂದ ಕೆಲಸ ಬಿಟ್ಟು ನೋಡಿದ.

ಆ ದಿನ ಮೇಲುಕೋಟೆಗೆ ಹೊರಡಬೇಕಿತ್ತು. ಕಾರಿನ ಬಾಗಿಲು ತೆರೆದು ಕರೆದರೆ ಸುಬ್ಬಿ ಸಿಪ್ಪೆಯ ರಾಶಿಯ ತುದಿಯಲ್ಲಿ ಕೂತು ನಮ್ಮನ್ನು ನೋಡಿದಳೇ ಹೊರತು ಇಳಿಯಲಿಲ್ಲ. ಬಿಸ್ಕತ್ತು ತೋರಿಸಿದೆವು. ಇಳಿಯಲಿಲ್ಲ. ಅತ್ತೆಯ ಅಣ್ಣ ಬಿಸಿ ಬೆಲ್ಲದ ಅಚ್ಚಿನ ಮೇಲೆ ಗೋಣಿ ಹೊದಿಸುತ್ತಾ, "ಬೆಟ್ಟ ಎಲ್ಲಿಗೋದದು? ಇವತ್ತು ಇಲ್ಲೇ ಇರ್ರಿ, ಮಧ್ಯಾಹ್ನಕ್ಕೆ ಮುದ್ದೆ ಕಟ್ಸಿವ್ನಿ" ಎಂದರು. ನಮ್ಮನೆಯವರು ಚೀಲಗಳನ್ನು ಮತ್ತೆ ಕೆಳಗಿಳಿಸಿದರು.