ಕೈಕೆಲಸದ ಮುಯ್ಯಿ

ವಿವಾಹವು ಎರಡು ಜೀವಗಳ ಕೂಟವೆಂದು ಹೇಳುವುದು ವಾಡಿಕೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಅದು ಹತ್ತಾರು ಕೈಗಳ ಕೂಟವೂ ಆಗಿತ್ತು. ಲಗ್ನ ನಿಶ್ಚಯವಾದೊಡನೆ ಹೆಣ್ಣಿನ ಮನೆಯ ಜಗುಲಿಯು ಒಂದು ಪುಟ್ಟ ಕಮ್ಮಟವಾಗಿ ಮಾರ್ಪಡುತ್ತಿತ್ತು.

ಅಲ್ಲಿ ಅಜ್ಜಿಯರು ಹತ್ತಿಯ ನೂಲನ್ನು ಹುರಿಗೊಳಿಸಿ, ಅರಿಶಿನದ ನೀರಿನಲ್ಲಿ ಅದ್ದಿ, ಅರಿಶಿನದ ಕೊಂಬನ್ನು ಕಟ್ಟಿ ಕಂಕಣವನ್ನು ಸಿದ್ಧಪಡಿಸುವರು. ಬಾಸಿಂಗ ಕಟ್ಟುವುದರಲ್ಲಿ ಪಳಗಿದವರು ಊರಿಗೆ ಒಬ್ಬಿಬ್ಬರು. ಉಳಿದವರು ಅವರ ಸುತ್ತ ಕುಳಿತ ಸಹಾಯಕರು. ಜೌಗು ನೆಲದಲ್ಲಿ ಬೆಳೆಯುವ ಬೆಂಡಿನ ಗಿಡದ ಹಗುರವಾದ ಬಿಳಿಯ ಕಾಂಡವನ್ನು ಹರಿತವಾದ ಕತ್ತಿಯಿಂದ ತೆಳುವಾಗಿ ಸೀಳಿ, ಹೂವು ಎಸಳುಗಳನ್ನು ಕತ್ತರಿಸಿ, ಬಣ್ಣದ ಕಾಗದವನ್ನೂ ಬೇಗಡೆಯನ್ನೂ ಅಂಟಿಸಬೇಕು. ಹುಣಿಸೆಗೆ ಹೆಸರಾದ ಈ ಜಿಲ್ಲೆಯಲ್ಲಿ ಅಂಟಿಗೇನು ಕೊರತೆ? ಹುಣಿಸೆಬೀಜವನ್ನು ಹುರಿದು, ಸಿಪ್ಪೆ ಕಳೆದು, ಅರೆದು ಬೇಯಿಸಿದರಾಯಿತು. ಮೊಗ್ಗಿನ ಜಡೆಯದು ಬೇರೆಯೇ ಶಿಸ್ತು. ಮಲ್ಲಿಗೆಯನ್ನು ಅರಳುವ ಮೊದಲೇ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಆರಿಸಿ, ರಾತ್ರಿಯೇ ಪೋಣಿಸಬೇಕು; ತಡವಾದರೆ ಮುಹೂರ್ತಕ್ಕೆ ಮೊದಲೇ ಮೊಗ್ಗು ಬಾಯಿ ಬಿಡುತ್ತದೆ. ಪಾವಗಡದ ಕಡೆ ನೆಂಟರಲ್ಲಿ ಕೆಲವರು ತೆಲುಗು ನುಡಿಯುವವರಾದರೂ ದಾರ ಹಿಡಿದ ಕೈಗಳಿಗೆ ಭಾಷೆಯ ತೊಡಕಿರಲಿಲ್ಲ. ವಾದವಿವಾದಗಳೂ ಉಂಟು. ಒಬ್ಬಳು ಕಟ್ಟಿದ ದಂಡೆ ಸಡಿಲವೆಂದು ಮತ್ತೊಬ್ಬಳು ಬಿಚ್ಚುವಳು. ಬಿಚ್ಚಿದವಳೇ ಆಮೇಲೆ ಮಕ್ಕಳಿಗೆ ಗಂಟು ಹಾಕುವ ಕ್ರಮವನ್ನು ಕಲಿಸುವಳು.

ಇದನ್ನು ಕೇವಲ ಮಿತವ್ಯಯವೆಂದು ಭಾವಿಸಿದರೆ ಅದರ ತಿರುಳು ತಪ್ಪಿಹೋಗುತ್ತದೆ. ಮದುವೆಯ ಮನೆಗೆ ಬಂಧುಗಳು ಸಲ್ಲಿಸುವ ಕಾಣಿಕೆಗೆ ನಮ್ಮ ನಾಡಿನಲ್ಲಿ ಮುಯ್ಯಿ ಎಂದು ಹೆಸರು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವವನು ಮುಯ್ಯಾಳು. ಹಣಕ್ಕೂ ಶ್ರಮಕ್ಕೂ ಒಂದೇ ಪದವನ್ನು ಕೊಟ್ಟ ಹಿರಿಯರ ವಿವೇಕ ದೊಡ್ಡದು. ಚಿನ್ನದ ಉಂಗುರ ತರಲಾರದ ಸೋದರತ್ತೆ ರಾತ್ರಿಯಿಡೀ ಕುಳಿತು ಜಡೆ ಹೆಣೆದು ಕೊಟ್ಟರೆ, ಮರುದಿನ ಚಪ್ಪರದಲ್ಲಿ ಅವಳು ಯಾರಿಗೂ ಕಡಿಮೆಯವಳಲ್ಲ. ಕೈಕೆಲಸವು ಬಡ ನೆಂಟನಿಗೆ ತಲೆಯೆತ್ತಿ ನಿಲ್ಲುವ ಸ್ಥಾನವನ್ನು ದೊರಕಿಸಿತ್ತು.

ಇಂದು ಬಾಸಿಂಗದಿಂದ ಚಪ್ಪರದವರೆಗೆ ಎಲ್ಲವೂ ಪೇಟೆಯಲ್ಲಿ ದೊರೆಯುತ್ತದೆ. ಬೆಂಡಿನ ಬದಲು ಥರ್ಮೋಕೋಲ್, ಮಲ್ಲಿಗೆಯ ಬದಲು ಪ್ಲಾಸ್ಟಿಕ್ ಮೊಗ್ಗು ಬಂದಿವೆ. ಅನುಕೂಲವನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಎಲ್ಲವನ್ನೂ ಹಣವೇ ಮಾಡುವಾಗ, ಹಣವಿಲ್ಲದ ಬಂಧುವು ಉಂಡು ಹೋಗುವ ಅತಿಥಿಯಾಗಿ ಮಾತ್ರ ಉಳಿಯುತ್ತಾನೆ. ಮಳೆಯನ್ನೇ ನಂಬಿದ ಮನೆಯೊಡೆಯನು ನೆರೆಯವರ ಆಡಂಬರಕ್ಕೆ ಸರಿಗಟ್ಟಲು ಸಾಲಗಾರನಾಗುತ್ತಾನೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲಿಯೇ ಬಂದಿತು. ಧರ್ಮಸ್ಥಳದಲ್ಲಿ 1972ರಲ್ಲಿ ಸಾಮೂಹಿಕ ವಿವಾಹಗಳು ಆರಂಭವಾದವು. ಆದರೂ ಮದುವೆಯ ಸಾಲವೆಂಬ ಮಾತು ನಮ್ಮ ಹಳ್ಳಿಗಳಿಂದ ಮರೆಯಾಗಿಲ್ಲ.

ಶರಣರ ಚರಿತ್ರೆಯಲ್ಲಿ ಇದಕ್ಕೆ ಬೆಳಕು ಉಂಟು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದರು; ಮೇದರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು. ಕೈಯ ಕೆಲಸ ಅವರಿಗೆ ಕೀಳೆನಿಸಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಸುರಿದು ಬರುವಂತೆ ಮರಳಿ ಕಳುಹಿಸಿದರು. ಬೇಕಾದಷ್ಟು ಯಾವುದು, ಹೆಚ್ಚು ಯಾವುದು ಎಂಬ ಆ ತಾಯಿಯ ವಿವೇಕವೇ ಇಂದಿನ ಮದುವೆಯ ಮನೆಗಳಿಗೂ ಬೇಕಾದುದು.

ವಿದ್ಯಾಸಂಸ್ಥೆಗಳಿಗೂ ಇಲ್ಲಿ ಒಂದು ಹೊಣೆಯಿದೆ. ಇಂಥ ವಿದ್ಯೆ ಗ್ರಂಥಗಳಲ್ಲಿಲ್ಲ. ಅದು ಬೆರಳುಗಳಲ್ಲಿದೆ, ಬೆರಳುಗಳೊಡನೆಯೇ ಅಳಿಯುತ್ತದೆ. ಕೈಕೆಲಸದ ಅವಧಿಗೆ ಊರಿನ ಅಜ್ಜಿಯೊಬ್ಬರನ್ನು ಕರೆಸಿ ಮಕ್ಕಳ ಎದುರು ಕೂರಿಸುವುದು ಕಷ್ಟವೇನಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಮದುವೆಯಲ್ಲಿ ಕಂಕಣವೊಂದನ್ನಾದರೂ ಬಂಧುಗಳ ಕೈಯಿಂದಲೇ ಮಾಡಿಸಿದರೆ, ಬರಿಗೈಯಲ್ಲಿ ಬಂದ ನೆಂಟನೊಬ್ಬನು ತನ್ನ ಮುಯ್ಯಿಯನ್ನು ಸಲ್ಲಿಸಿದ ತೃಪ್ತಿಯಿಂದ ಪಂಕ್ತಿಯಲ್ಲಿ ಕುಳಿತಾನು.