ಮೈಯೆಲ್ಲ ಎತ್ತರಕ್ಕೆ ಹೋಗುತ್ತಂತೆ

1971ರಲ್ಲಿ ದಕ್ಷಿಣ ಕೊರಿಯಾದ ಹಾಲಿನ ಪುಡಿ ಕಂಪನಿಯೊಂದು ಟಿವಿಯವರ ಜೊತೆ ಸೇರಿ ದುಂಡು ಮಕ್ಕಳ ಸ್ಪರ್ಧೆ ಶುರುಮಾಡಿತು. ತೊಡೆ, ತೋಳುಗಳಲ್ಲಿ ಮಡಿಕೆ ಬಿದ್ದ ಕೂಸುಗಳು ಗೆದ್ದು ಬರುತ್ತಿದ್ದವು. ಸುವಾನ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಜ್ಜಿ ಅದನ್ನು ಈಗಲೂ ನಡೆಯುತ್ತಿದೆಯೇನೋ ಎಂಬಷ್ಟು ಉತ್ಸಾಹದಿಂದ ವರ್ಣಿಸುತ್ತಿದ್ದರು.

ಅವರ ಉತ್ಸಾಹಕ್ಕೆ ಕಾರಣವಿತ್ತು. ಅವರು ಚಿಕ್ಕವರಿದ್ದಾಗ ಹಳೇ ಅಕ್ಕಿ ಮುಗಿದು ಬಾರ್ಲಿ ಕೊಯ್ಲಿಗೆ ಬರುವವರೆಗಿನ ವಸಂತವೆಂದರೆ ಹೊಟ್ಟೆಗಿಲ್ಲದ ಕಾಲ. ಆಮೇಲೆ, 60–70ರ ದಶಕದಲ್ಲಿ, ಅಕ್ಕಿ ಉಳಿಸಲೆಂದು ಸರ್ಕಾರ ಬಾರ್ಲಿ ಬೆರೆಸಿ ಉಣ್ಣಿ ಎಂದಿತು. ತರಗತಿಯಲ್ಲಿ ಮೇಷ್ಟ್ರು ಬುತ್ತಿಯ ಮುಚ್ಚಳ ತೆಗೆಸಿ ಬಾರ್ಲಿ ಸಾಕಷ್ಟಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಅಮ್ಮಂದಿರೇನು ಕಡಿಮೆಯೇ? ಕೆಳಗೆ ಬಿಳಿ ಅನ್ನ ಒತ್ತಿ, ಮೇಲೆ ತೆಳ್ಳಗೆ ಬಾರ್ಲಿ ಹರಡಿ ಕಳಿಸುವವರೂ ಇದ್ದರಂತೆ.

ಇಷ್ಟನ್ನು ಕಂಡ ಅಜ್ಜಿಗೆ ಮೊಮ್ಮಗನ ದಪ್ಪ ಹೊಟ್ಟೆ ಚಿಂತೆಯ ವಿಷಯವೇ ಆಗಿರಲಿಲ್ಲ. "ಬೆಳೆಯೋ ಹುಡುಗ, ಮೈಯೆಲ್ಲ ಆಮೇಲೆ ಎತ್ತರಕ್ಕೆ ಹೋಗುತ್ತೆ" ಎನ್ನುತ್ತಿದ್ದರು. ಕೊರಿಯಾದ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. 2000ದ ದಶಕದ ಆ ಹುಡುಗನ ದಿನಚರಿ ಹೀಗಿತ್ತು: ಬೆಳಿಗ್ಗೆ ಏನೂ ತಿನ್ನದೆ ಶಾಲೆ, ಸಂಜೆ ಅಲ್ಲೇ ಕೂತು ಹತ್ತರವರೆಗೆ ಓದು, ಅಲ್ಲಿಂದ ಟ್ಯೂಷನ್. ನಡುರಾತ್ರಿ ಮನೆಗೆ ಬಂದವನು ಪಾತ್ರೆಯಲ್ಲೇ ರಾಮ್ಯನ್ ನೂಡಲ್ಸ್ ತಿಂದು, ಉಳಿದ ಖಾರದ ಸಾರಿಗೆ ತಣ್ಣನ್ನ ಸುರಿದುಕೊಂಡು ಬಳಿದು ಮಲಗುತ್ತಿದ್ದ. ಮೈ ಎತ್ತರಕ್ಕೇನೂ ಹೋಗಲಿಲ್ಲ.

2023ರಲ್ಲಿ ಮತ್ತೆ ಹೋದಾಗ ಟ್ಯೂಷನ್ ಬೀದಿ ಹಾಗೇ ಇತ್ತು. ಈಗ ಟ್ಯೂಷನ್ ಕೇಂದ್ರಗಳು ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕೆಂಬ ನಿಯಮವಿದೆ. ಹಾಗಾಗಿ ರಾತ್ರಿಯೂಟ ಎರಡು ಪಾಠಗಳ ನಡುವಿನ ಬಿಡುವಿಗೆ ಸರಿದಿದೆ. ಬೀದಿಯ ಕನ್ವೀನಿಯನ್ಸ್ ಸ್ಟೋರ್‌ನ ಕಿಟಕಿಗೆ ಮುಖಮಾಡಿ ಯೂನಿಫಾರ್ಮಿನ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬ ಹುಡುಗ ಕಪ್ ನೂಡಲ್ಸ್‌ಗೆ ಬಿಸಿನೀರು ಹಾಕಿ, ಅದು ಮೆತ್ತಗಾಗುವ ಮೂರು ನಿಮಿಷದಲ್ಲೇ ಕಡಲಪಾಚಿ ಸುತ್ತಿದ ಮುಕ್ಕೋನದ ಅನ್ನದುಂಡೆ 'ಗಿಂಬಾಪ್' ಮುಗಿಸಿ, ಎನರ್ಜಿ ಡ್ರಿಂಕ್ ತೆರೆದ. ಹೊರಗೆ ಆ ವರ್ಷದ ಹುಚ್ಚು, ಸಕ್ಕರೆ ಪಾಕದಲ್ಲಿ ಅದ್ದಿದ ಹಣ್ಣಿನ ಕಡ್ಡಿ 'ತಾಂಗುಲು'ವಿಗೆ ಸರದಿ.

ಸರ್ಕಾರ ಕಣ್ಣುಮುಚ್ಚಿ ಕೂತಿದೆ ಎನ್ನುವಂತಿಲ್ಲ. ಶಾಲೆಯ ಸುತ್ತ 200 ಮೀಟರ್ ವಲಯದ ಅಂಗಡಿಗಳ ಮೇಲೆ 2009ರಿಂದ ನಿಗಾ ಇದೆ. 2018ರಲ್ಲಿ ಶಾಲೆಯೊಳಗೆ ಕಾಫಿ ಮಾರುವುದನ್ನೂ ನಿಲ್ಲಿಸಿದರು. ಶಾಲೆಯ ಮಧ್ಯಾಹ್ನದೂಟವಂತೂ ಅನ್ನ, ಸಾರು, ಕಿಮ್ಚಿ, ಪಲ್ಯ ಎಲ್ಲ ಇರುವ ಒಳ್ಳೆಯ ಊಟ. ಆದರೆ ಮಕ್ಕಳ ಬೆಳಿಗ್ಗೆ ಮತ್ತು ರಾತ್ರಿ ಶಾಲೆಯ ಅಡುಗೆಮನೆಯ ಕೈಯಲ್ಲಿಲ್ಲ. 2005ರಿಂದ ನಡೆಯುತ್ತಿರುವ ಹದಿಹರೆಯದವರ ಆರೋಗ್ಯ ಸಮೀಕ್ಷೆ ಹೇಳುವಂತೆ ಹತ್ತರಲ್ಲಿ ಸುಮಾರು ನಾಲ್ವರು ಬೆಳಗಿನ ಊಟ ಬಿಡುತ್ತಾರೆ. ಬೊಜ್ಜಿನ ಪ್ರಮಾಣ 2011ರಲ್ಲಿ ಶೇ. 5.6 ಇದ್ದದ್ದು 2021ಕ್ಕೆ ಶೇ. 13.5, ಹುಡುಗರಲ್ಲಿ ಹುಡುಗಿಯರ ಹತ್ತಿರಹತ್ತಿರ ಎರಡರಷ್ಟು. ಮಕ್ಕಳಿಗೆ ತಿನ್ನುವುದು ಹೇಗೆಂದು ಕಲಿಸುವ ಪೋಸ್ಟರ್‌ಗಳು ಬೇಕಾದಷ್ಟಿವೆ. ತಿನ್ನಲು, ನಿದ್ದೆ ಮಾಡಲು, ಓಡಾಡಲು ಹೊತ್ತು ಬಿಡುವ ವೇಳಾಪಟ್ಟಿ ಮಾತ್ರ ನನಗೆಲ್ಲೂ ಕಾಣಲಿಲ್ಲ.

ತೂಕದ ಚಿಂತೆ ಮಾತ್ರ ಹುಡುಗಿಯರದ್ದು. ದಪ್ಪಗಿಲ್ಲದವರೂ ಉಪವಾಸ ಬೀಳುತ್ತಾರೆ. ಅಜ್ಜಿಯ ಮರಿಮೊಮ್ಮಗಳು, ಕಡ್ಡಿಯಂಥ ಹುಡುಗಿ, ನಮ್ಮೆದುರಿಗೇ ಬಟ್ಟಲಿನ ಅನ್ನವನ್ನು ಚಮಚದಿಂದ ಎರಡು ಪಾಲು ಮಾಡಿ, ಒಂದನ್ನು ಅಮ್ಮನ ಬಟ್ಟಲಿಗೆ ದಾಟಿಸಿದಳು. ಅಮ್ಮ ಗಮನಿಸಿಯೂ ಸುಮ್ಮನಿದ್ದಳು. ಒಂದೇ ಪದಾರ್ಥ ತಿಂದು ವಾರ ಕಳೆಯುವುದು, ಅಗಿದು ಉಗಿಯುವುದು, ಎಲುಬು ಕಾಣುವ ಮೈಯ ಫೋಟೋಗಳನ್ನು ಹಂಚಿಕೊಳ್ಳುವುದು, ಎಲ್ಲ ಅವರ ಫೋನುಗಳಲ್ಲಿದೆ. ಹಸಿವು ಅಡಗಿಸುವ ಫೆಂಟರ್ಮಿನ್ ಗುಳಿಗೆಯೊಂದು ಚಿಟ್ಟೆಯ ಆಕಾರದ್ದು. 16 ದಾಟದವರಿಗೆ ಅದನ್ನು ಕೊಡುವಂತಿಲ್ಲ. ಆದರೂ ಅದನ್ನು ಟ್ವಿಟರ್‌ನಲ್ಲಿ ಕೊಂಡು, ತಾವೇ ಮಾರಿ, ಪೊಲೀಸರ ಕೈಗೆ ಸಿಕ್ಕ ಮಕ್ಕಳಿದ್ದಾರೆ.

ದೊಡ್ಡವರ ಸಮಾಧಾನ ಈಗ ಬೇರೆ: "ಈಗ ಓದು, ಕಾಲೇಜು ಸೇರಿದರೆ ತೂಕ ತಾನೇ ಇಳಿಯುತ್ತೆ." ಪ್ರವೇಶ ಪರೀಕ್ಷೆ ನವೆಂಬರಿನಲ್ಲಿ. ಅದು ಮುಗಿಯುವುದನ್ನೇ ಕಾಯುವ ಜಿಮ್‌ಗಳು ಬ್ಯಾನರ್ ಕಟ್ಟುತ್ತವೆ: ಹಾಲ್ ಟಿಕೆಟ್ ತೋರಿಸಿದವರಿಗೆ ರಿಯಾಯಿತಿ. ಕಣ್ಣಿನ ರೆಪ್ಪೆ ತಿದ್ದುವ ಕ್ಲಿನಿಕ್ಕುಗಳಲ್ಲೂ ಅದೇ ಟಿಕೆಟ್ ನಡೆಯುತ್ತದೆ.